ಒಂದೇ ಅಚ್ಚಿನ ಮೇಲೆ ಐದು ಕೆಲಸ: ಮನೆಯ ಬಹೂಪಯೋಗಿ ಮರಗೆಲಸ ಯಂತ್ರವನ್ನು ಬಿಟ್ಟುಕೊಡಲು ಮನಸ್ಸೇಕೆ ಒಪ್ಪುವುದಿಲ್ಲ?

ರಾಜಾಜಿನಗರದ ಹವ್ಯಾಸಿ:

ನಮ್ಮ ದೊಡ್ಡಪ್ಪನವರು ಅಮೆರಿಕದ ಓಹಾಯೋ ರಾಜ್ಯದಲ್ಲಿ 18 ವರ್ಷ ಉದ್ಯೋಗ ಮಾಡಿ 1988ರಲ್ಲಿ ಬೆಂಗಳೂರಿಗೆ ಮರಳಿದಾಗ, ಹಡಗಿನಲ್ಲಿ ತರಿಸಿಕೊಂಡ ಮನೆಸಾಮಾನಿನಲ್ಲಿ ಅತ್ಯಂತ ಭಾರವಾಗಿದ್ದುದು ಶಾಪ್‌ಸ್ಮಿತ್ ಮಾರ್ಕ್ 5 ಎಂಬ ಮರಗೆಲಸದ ಯಂತ್ರ. ರಾಜಾಜಿನಗರದ ನಮ್ಮ 30–40 ಅಡಿ ನಿವೇಶನದ ಮನೆಯಲ್ಲಿ ಕಾರಿಗೆಂದು ಬಿಟ್ಟಿದ್ದ ಜಾಗ ಅದರ ಪಾಲಾಯಿತು. ಕಾರು ಬೀದಿಯಲ್ಲಿ ನಿಂತಿತು.

ಈ ಯಂತ್ರವನ್ನು ನೋಡದವರಿಗಾಗಿ ಎರಡು ಮಾತು. ಎರಡು ದುಂಡನೆಯ ಉಕ್ಕಿನ ಕೊಳವೆಗಳ ಮೇಲೆ ಮೋಟರನ್ನು ಒಡಲಲ್ಲಿಟ್ಟುಕೊಂಡ ಹೆಡ್‌ಸ್ಟಾಕ್ ಅತ್ತಿತ್ತ ಜಾರುತ್ತದೆ. ಅದರಿಂದ ಹೊರಬರುವ, ತಿರುಗುವ ಅಚ್ಚಾದ ಒಂದೇ ಸ್ಪಿಂಡಲ್‌ಗೆ ದುಂಡು ಗರಗಸ ತೊಡಿಸಿದರೆ ಹಲಗೆ ಸೀಳುತ್ತದೆ, 12 ಅಂಗುಲದ ತಟ್ಟೆ ತೊಡಿಸಿದರೆ ಮರ ಉಜ್ಜುತ್ತದೆ, ಎದುರಿಗೆ ಮರದ ಇನ್ನೊಂದು ತುದಿಯನ್ನು ಹಿಡಿಯುವ ಟೇಲ್‌ಸ್ಟಾಕ್ ಕೂರಿಸಿದರೆ 34 ಅಂಗುಲ ಉದ್ದದ ಕಂಬ ಕಡೆಯುವ ಲೇತ್ ಆಗುತ್ತದೆ, ಡ್ರಿಲ್ ಚಕ್ ಕಟ್ಟಿದರೆ ಅಡ್ಡಲಾಗಿ ತೂತು ಕೊರೆಯುತ್ತದೆ. ಇಡೀ ಮೈಯನ್ನು ತೊಟ್ಟಿಲಿನಂತೆ ಮೇಲೆತ್ತಿ ನೆಟ್ಟಗೆ ನಿಲ್ಲಿಸಿದರೆ ಅದೇ ಯಂತ್ರ ಮೇಲಿನಿಂದ ಕೆಳಕ್ಕೆ ಕೊರೆಯತೊಡಗುತ್ತದೆ. ನನ್ನ ಅಕ್ಕನ ಮಗನ ತೊಟ್ಟಿಲು, ದೇವರ ಮಂಟಪದ ನಾಲ್ಕು ಕಂಬಗಳು, ಮನೆಯ ಎಲ್ಲ ಊಟದ ಮಣೆಗಳು ಹುಟ್ಟಿದ್ದು ಇದರಲ್ಲಿಯೇ.

ದೊಡ್ಡಪ್ಪ ತೀರಿಕೊಂಡು ಎರಡು ವರ್ಷವಾಯಿತು. ಈಗ ಹಳೆಯ ಮನೆಯನ್ನು ಒಡೆದು ಮೂರು ಅಂತಸ್ತು ಕಟ್ಟುವ ನಿರ್ಧಾರವಾಗಿದೆ. ಗುಜರಿಯವರು ತೂಕದ ಲೆಕ್ಕದಲ್ಲಿ ಬೆಲೆ ಹೇಳಿ ಹೋಗಿದ್ದಾರೆ. ಸದರ್ ಪತ್ರಪ್ಪ ರಸ್ತೆಗೆ ಹೋದರೆ ಇವತ್ತು ಕೈಯಲ್ಲಿ ಹಿಡಿಯುವ ಗರಗಸ, ಡ್ರಿಲ್, ಸ್ಯಾಂಡರ್ ಎಲ್ಲವೂ ಬೇರೆಬೇರೆಯಾಗಿ ಸಿಗುತ್ತವೆ ಎಂದು ತಮ್ಮ ಹೇಳುವುದರಲ್ಲಿ ತಪ್ಪಿಲ್ಲ. ಆದರೂ ನನ್ನ ಮನಸ್ಸು ಒಪ್ಪುತ್ತಿಲ್ಲ, ಮತ್ತು ಅದಕ್ಕೆ ದೊಡ್ಡಪ್ಪನ ನೆನಪೊಂದೇ ಕಾರಣವೆಂದು ನನಗೆ ಅನ್ನಿಸುತ್ತಿಲ್ಲ. ಅವರ ಹಳೆಯ ನೋಟ್‌ಪುಸ್ತಕದಲ್ಲಿ ಪ್ರತಿಯೊಂದು ವಸ್ತುವಿಗೂ ಕೆಲಸದ ಸರದಿ ಬರೆದಿದೆ: ಮೊದಲು ಎಲ್ಲ ತುಂಡುಗಳನ್ನು ಸೀಳುವುದು, ಆಮೇಲೆ ಎಲ್ಲ ತೂತು, ಆಮೇಲೆ ಕಡೆಯುವುದು, ಕೊನೆಗೆ ಉಜ್ಜುವುದು. ಗರಗಸವನ್ನು ಬಿಚ್ಚಿದ ಮೇಲೆ ಒಂದು ತುಂಡು ಮರೆತುಹೋಗಿತ್ತೆಂದು ಗೊತ್ತಾದರೆ ಮತ್ತೆ ಎಲ್ಲವನ್ನೂ ಜೋಡಿಸಬೇಕು. ಆದ್ದರಿಂದ ಮರವನ್ನು ಮುಟ್ಟುವ ಮೊದಲೇ ಇಡೀ ವಸ್ತುವನ್ನು ತಲೆಯಲ್ಲಿ ಕಟ್ಟಿ ಮುಗಿಸುವುದನ್ನು ಈ ಯಂತ್ರ ಅವರಿಗೂ, ಅವರ ಮೂಲಕ ನನಗೂ ಕಲಿಸಿತು. ಇಂತಹ ಯಂತ್ರವನ್ನು ಇಟ್ಟುಕೊಂಡಿರುವವರು, ಇಟ್ಟುಕೊಂಡು ಬಿಟ್ಟವರು, ತಮ್ಮ ಅನುಭವವನ್ನು ದಯವಿಟ್ಟು ಬರೆಯಬೇಕು.

ಕಾಮಾಕ್ಷಿಪಾಳ್ಯದ ಬಡಗಿ:

ನಿಮ್ಮ ದೊಡ್ಡಪ್ಪನವರ ಬಗ್ಗೆ ಓದಿ ಸಂತೋಷವಾಯಿತು, ಸರ್. ನಾನು ಹೊಟ್ಟೆಪಾಡಿಗೆ ಈ ಕೆಲಸ ಮಾಡುವವನು, ಆದ್ದರಿಂದ ಬೇರೆ ಮಾತು ಹೇಳಬೇಕಾಗಿದೆ. ನಮ್ಮಲ್ಲಿ ನಾಲ್ಕು ಜನ ಕೆಲಸ ಮಾಡುತ್ತೇವೆ. ಒಬ್ಬನು ಬಾಗಿಲಿನ ಚೌಕಟ್ಟಿಗೆ ತೇಗ ಸೀಳುವಾಗ ಇನ್ನೊಬ್ಬನು ತೂತು ಹೊಡೆಯಬೇಕು, ಮತ್ತೊಬ್ಬನು ರಂದಾ ಹಾಕಬೇಕು. ಒಂದೇ ಮೋಟರಿನ ಯಂತ್ರವಿದ್ದರೆ ಮೂವರು ಕೈಕಟ್ಟಿ ನಿಲ್ಲಬೇಕಾಗುತ್ತದೆ, ಆ ಮೂವರ ದಿನಗೂಲಿಯನ್ನು ಯಂತ್ರ ಕೊಡುವುದಿಲ್ಲ.

ನಮ್ಮ ಕಡೆಯ ಕಾರ್ಖಾನೆಗಳಲ್ಲೂ ಜೋಡು ಯಂತ್ರಗಳಿಲ್ಲವೆಂದಲ್ಲ. ರಂದಾ, ಗರಗಸ, ತೂತು ಹೊಡೆಯುವ ಚಕ್ ಮೂರನ್ನೂ ಒಂದೇ ಶಾಫ್ಟಿಗೆ ಕೂರಿಸಿದ ಎರಕದ ಕಬ್ಬಿಣದ ಯಂತ್ರ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಸುತ್ತಮುತ್ತ ಹಲವು ಅಂಗಡಿಗಳಲ್ಲಿದೆ. ನಾನು ಕೆಲಸ ಕಲಿತದ್ದೂ ಅಂಥದ್ದರಲ್ಲೇ. ಆದರೆ ಅದರಲ್ಲಿ ಬ್ಲೇಡನ್ನು ತೆಗೆದು ಹಾಕುವ ತೊಂದರೆಯಿಲ್ಲ, ಮೂರೂ ಸದಾ ಸಿದ್ಧವಾಗಿರುತ್ತವೆ. ನಿಮ್ಮ ಯಂತ್ರದಲ್ಲಿ ಬ್ಲೇಡು ಓರೆಯಾಗುವುದಿಲ್ಲ, ಮೇಜೇ ವಾಲುತ್ತದೆ ಎಂದು ಚಿತ್ರದಲ್ಲಿ ಕಾಣುತ್ತದೆ. ಎಂಟು ಅಡಿಯ ಪ್ಲೈವುಡ್ ಹಾಳೆಯನ್ನು ಎತ್ತರದ ಆ ಸಣ್ಣ ಮೇಜಿನ ಮೇಲೆ, ಅದೂ ವಾಲಿಸಿಕೊಂಡು, ಒಬ್ಬನೇ ಹೇಗೆ ಸೀಳುವುದು? ಹಾಳೆ ಜಾರಿದರೆ ಬೆರಳು ಹೋಗುತ್ತದೆ. ಪ್ರೀತಿ ಇರಲಿ, ಆದರೆ ಸೀಳುವ ಕೆಲಸವನ್ನು ಅದರಲ್ಲಿ ಮಾಡಬೇಡಿರೆಂದು ಹಿರಿಯಣ್ಣನಂತೆ ಹೇಳುತ್ತಿದ್ದೇನೆ.

ಜಾಲಹಳ್ಳಿಯ ನಿವೃತ್ತ ಟರ್ನರ್:

ಬಡಗಿಯವರ ಮಾತಿನಲ್ಲಿಯೇ ಪ್ರಶ್ನೆಗೆ ಅರ್ಧ ಉತ್ತರವಿದೆ. ನಾಲ್ಕು ಜನರಿರುವ ಕಡೆ ನಾಲ್ಕು ಯಂತ್ರ ಬೇಕು. ಮನೆಯ ಷೆಡ್ಡಿನಲ್ಲಿ ಇರುವವನು ಒಬ್ಬನೇ, ಅವನಿಗಿರುವುದು ಎರಡೇ ಕೈ. ಯಂತ್ರವು ಒಂದು ಹೊತ್ತಿಗೆ ಒಂದೇ ಕೆಲಸ ಮಾಡಿದರೆ ಅವನಿಗೇನೂ ನಷ್ಟವಿಲ್ಲ.

ನಾನು ಜಾಲಹಳ್ಳಿಯ ಎಚ್‌ಎಂಟಿಯಲ್ಲಿ 31 ವರ್ಷ ಲೇತ್ ಮೇಲೆ ಕೆಲಸ ಮಾಡಿದವನು. ಅಲ್ಲಿ ಒಂದು ಯಂತ್ರಕ್ಕೆ ಒಂದು ಕೆಲಸ, ಒಬ್ಬ ಮನುಷ್ಯನಿಗೆ ಒಂದು ಯಂತ್ರ. ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದೇ ಬಗೆಯ ಶಾಫ್ಟು ಕಡೆದು ಮನೆಗೆ ಬಂದರೆ, ಒಂದು ವಸ್ತುವನ್ನು ಮೊದಲಿನಿಂದ ಕೊನೆಯವರೆಗೆ ನಾನೇ ಮಾಡಿ ಮುಗಿಸಬೇಕೆಂಬ ಆಸೆ ಹುಟ್ಟುತ್ತಿತ್ತು. 1979ರಲ್ಲಿ ಮನೆಯ ಹಿತ್ತಲಿನ ಶೀಟಿನ ಮನೆಯಲ್ಲಿ ನನ್ನದೇ ಯಂತ್ರವನ್ನು ಕಟ್ಟಿದೆ. ಬೈಯಪ್ಪನಹಳ್ಳಿಯ ಎನ್‌ಜಿಇಎಫ್ ಕಾರ್ಖಾನೆಯ ಒಂದು ಅಶ್ವಶಕ್ತಿಯ, ನಿಮಿಷಕ್ಕೆ 1440 ಸುತ್ತಿನ ಮೋಟರು, ಶಾಫ್ಟನ್ನು ಹಿಡಿಯುವ ಬೇರಿಂಗಿನ ಎರಡು ಪ್ಲಮ್ಮರ್ ಬ್ಲಾಕು, 25 ಮಿ.ಮೀ. ಶಾಫ್ಟು, ಮೆಟ್ಟಿಲು ಪುಲ್ಲಿ. ಶಾಫ್ಟಿನ ಒಂದು ತುದಿಯಲ್ಲಿ ಗರಗಸ, ಇನ್ನೊಂದು ತುದಿಯಲ್ಲಿ ಚಕ್. ಮೋಟರಿನಲ್ಲಿ 6 ಅಂಗುಲದ, ಶಾಫ್ಟಿನಲ್ಲಿ 3 ಅಂಗುಲದ ಪುಲ್ಲಿಗೆ ಬೆಲ್ಟು ಹಾಕಿದರೆ 2880 ಸುತ್ತು, ಆಗ 250 ಮಿ.ಮೀ. ಬ್ಲೇಡಿನ ಅಂಚು ಸೆಕೆಂಡಿಗೆ ಸುಮಾರು 38 ಮೀಟರ್ ವೇಗದಲ್ಲಿ ಓಡುತ್ತದೆ. ಪುಲ್ಲಿಗಳನ್ನು ತಿರುವುಮುರುವಾಗಿಸಿದರೆ 720 ಸುತ್ತು, ಅದು ಬಟ್ಟಲು ಕಡೆಯಲು ಹದವಾದ ವೇಗ. ಎನ್‌ಜಿಇಎಫ್ 2002ರಲ್ಲಿ ಮುಚ್ಚಿತು. ನನ್ನ ಮೋಟರು ಇಂದಿಗೂ ಓಡುತ್ತಿದೆ, ಎರಡು ಸಲ ಬೇರಿಂಗ್ ಬದಲಾಯಿಸಿದ್ದೇನೆ, ಅಷ್ಟೇ.

ನಿಮ್ಮ ಯಂತ್ರದ ಮೂಲವೂ ಇಂತಹ ಯೋಚನೆಯಿಂದಲೇ ಹುಟ್ಟಿದ್ದು. ಜರ್ಮನಿಯಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಹ್ಯಾನ್ಸ್ ಗೋಲ್ಡ್‌ಶ್ಮಿಟ್ ಎಂಬುವರು ಕ್ಯಾಲಿಫೋರ್ನಿಯಾದಲ್ಲಿ ರೂಪಿಸಿದ ಮೊದಲ ಶಾಪ್‌ಸ್ಮಿತ್, 10ಇಆರ್, 1947ರಲ್ಲಿ ಮಾರುಕಟ್ಟೆಗೆ ಬಂತು. ಮಹಾಯುದ್ಧ ಮುಗಿದು ಸೈನಿಕರು ಮನೆಗೆ ಮರಳಿ, ಸಣ್ಣ ಹೊಸ ಮನೆಗಳನ್ನು ಮಾಡಿಕೊಂಡು, ಪೀಠೋಪಕರಣಗಳನ್ನು ತಾವೇ ಮಾಡಿಕೊಳ್ಳುತ್ತಿದ್ದ ಕಾಲವದು. ಮಾರ್ಕ್ 5 ಬಂದದ್ದು 1950ರ ದಶಕದ ಮೊದಲರ್ಧದಲ್ಲಿ. ಒಂದು ಹಂತದಲ್ಲಿ ತಯಾರಿಕೆ ನಿಂತೇಹೋಗಿದ್ದಾಗ, 1972ರಲ್ಲಿ ಜಾನ್ ಫೋಕರ್ತ್ ಎಂಬುವರು ಹಕ್ಕುಗಳನ್ನು ಕೊಂಡು ಓಹಾಯೋದ ಡೇಟನ್ ನಗರದಲ್ಲಿ ಮತ್ತೆ ಆರಂಭಿಸಿದರು. ನಿಮ್ಮ ದೊಡ್ಡಪ್ಪನವರು ಅದೇ ರಾಜ್ಯದಲ್ಲಿದ್ದುದರಿಂದ ಈ ಯಂತ್ರ ಅವರ ಕಣ್ಣಿಗೆ ಬಿದ್ದಿರಬೇಕು.

ಯಲಹಂಕದ ಬುಗುರಿ:

ನಾನು ಅಪಾರ್ಟ್‌ಮೆಂಟಿನ ನಾಲ್ಕನೆಯ ಮಹಡಿಯಲ್ಲಿರುವವಳು, ಶಾಪ್‌ಸ್ಮಿತ್ ಇಡುವಷ್ಟು ಜಾಗ ನನ್ನ ಬಳಿಯಿಲ್ಲ. ನನ್ನ ಪಾಲಿಗೆ ಬಂದಿರುವುದು ಅದೇ ಕುಲದ ಪುಟ್ಟ ಕೂಸು: ಆಸ್ಟ್ರಿಯಾದ ಹಾಲೈನ್ ಊರಿನಲ್ಲಿ ಎಮ್ಕೊ ಕಂಪನಿ ತಯಾರಿಸಿದ ಯೂನಿಮ್ಯಾಟ್ ಎಸ್‌ಎಲ್. ಗಡಿಯಾರ ರಿಪೇರಿ ಮಾಡುತ್ತಿದ್ದ ಸೋದರಮಾವ ಕೊಟ್ಟದ್ದು. ಅದರಲ್ಲೂ ಮೈಯಾಗಿರುವುದು ಎರಡು ದುಂಡು ಉಕ್ಕಿನ ಸಲಾಕೆಗಳೇ. ಮಲಗಿದ್ದಾಗ ಲೇತ್, ಮೋಟರಿನ ಸಮೇತ ತಲೆಯನ್ನು ಬಿಚ್ಚಿ ನಿಂತ ಕಂಬಕ್ಕೆ ಏರಿಸಿದರೆ ಡ್ರಿಲ್. ಅಡುಗೆಮನೆಯ ಪಕ್ಕದ ಯುಟಿಲಿಟಿಯಲ್ಲಿ, ಬಟ್ಟೆ ಒಗೆಯುವ ಯಂತ್ರದ ಮೇಲಿನ ಹಲಗೆಯ ಮೇಲೆ ಅದರ ವಾಸ.

ನಾನು ಅದರಲ್ಲಿ ಬುಗುರಿ, ಚದುರಂಗದ ಕಾಯಿ, ಅಳಗುಳಿಮಣೆಯ ಕುಳಿಗಳನ್ನು ಮಾಡುತ್ತೇನೆ. ನೀವು ಸರದಿಯ ಬಗ್ಗೆ ಬರೆದದ್ದು ಅಕ್ಷರಶಃ ನಿಜ, ಆದರೆ ನನ್ನನ್ನು ಹಿಡಿದಿಟ್ಟಿರುವುದು ಇನ್ನೊಂದು ಗುಣ. ಈ ಯಂತ್ರದಲ್ಲಿ ನನಗೆ ತಿಳಿಯದ ಭಾಗ ಒಂದೂ ಇಲ್ಲ. ಲೇತನ್ನು ಡ್ರಿಲ್ ಮಾಡಲು ವಾರಕ್ಕೆ ಎರಡು ಸಲವಾದರೂ ಬಿಚ್ಚಲೇಬೇಕು; ಬಿಚ್ಚಿ ಜೋಡಿಸುವುದು ಅದರ ದಿನನಿತ್ಯದ ಬಾಳಾದ್ದರಿಂದ ರಿಪೇರಿಗೆಂದು ಬಿಚ್ಚುವಾಗ ಭಯವೆನಿಸುವುದಿಲ್ಲ. ಹೊಸದಾಗಿ ಕೊಂಡ ಒಂದು ಕೈಡ್ರಿಲ್ ಕಳೆದ ವರ್ಷ ನಿಂತುಹೋದಾಗ ಅದರ ಪ್ಲಾಸ್ಟಿಕ್ ಕವಚವನ್ನು ತೆರೆಯಲೂ ನನಗೆ ಧೈರ್ಯವಾಗಲಿಲ್ಲ. ಮಾವ ಕೊಟ್ಟ ಯಂತ್ರವನ್ನು ನಾನು ಕಣ್ಣು ಮುಚ್ಚಿಕೊಂಡು ಜೋಡಿಸಬಲ್ಲೆ. ಆಯುಧಪೂಜೆಯ ದಿನ ಎಲ್ಲ ಭಾಗಗಳನ್ನೂ ಹಳೆಯ ಸೀರೆಯ ಮೇಲೆ ಹರಡಿ, ಒರೆಸಿ, ಎಣ್ಣೆ ಹಚ್ಚಿ, ಮತ್ತೆ ಕೂಡಿಸಿದ ಮೇಲೆಯೇ ಕುಂಕುಮವಿಡುವುದು ನನ್ನ ರೂಢಿ.

ಬಸವನಗುಡಿಯ ವಕೀಲೆ:

ಈ ಯಂತ್ರದ ಹೆಸರನ್ನು ನಾನು ಮೊದಲು ಕೇಳಿದ್ದು ಕಾನೂನು ಕಾಲೇಜಿನ ತರಗತಿಯಲ್ಲಿ, ಆದ್ದರಿಂದ ಚರ್ಚೆಗೆ ಇದನ್ನು ಸೇರಿಸುವುದು ಉಚಿತವೆಂದುಕೊಂಡೆ. ಅಮೆರಿಕದಲ್ಲಿ ಗ್ರೀನ್‌ಮನ್ ಎಂಬ ಹವ್ಯಾಸಿಗೆ ಶಾಪ್‌ಸ್ಮಿತ್ ಬಹಳ ಇಷ್ಟವಾಗಿ, 1955ರ ಕ್ರಿಸ್‌ಮಸ್ಸಿಗೆ ಅವರ ಹೆಂಡತಿ ಅದನ್ನು ಉಡುಗೊರೆಯಾಗಿ ಕೊಟ್ಟರು. 1957ರಲ್ಲಿ ಅವರು ಲೇತ್ ಕೆಲಸಕ್ಕೆ ಬೇಕಾದ ಜೋಡಣೆಗಳನ್ನು ಕೊಂಡು ಒಂದು ದೊಡ್ಡ ಮರದ ತುಂಡಿನಿಂದ ಪಾನಪಾತ್ರೆ ಕಡೆಯತೊಡಗಿದರು. ಹಲವು ಸಲ ತೊಂದರೆಯಿಲ್ಲದೆ ಕೆಲಸ ನಡೆದ ಮೇಲೆ, ಒಮ್ಮೆ ಆ ತುಂಡು ಇದ್ದಕ್ಕಿದ್ದಂತೆ ಯಂತ್ರದಿಂದ ಚಿಮ್ಮಿ ಅವರ ಹಣೆಗೆ ಬಡಿದು ತೀವ್ರ ಗಾಯವಾಯಿತು. ಭಾಗಗಳನ್ನು ಬಿಗಿದಿಡುವ ಸೆಟ್ ಸ್ಕ್ರೂಗಳು ಸಾಲದಾಗಿದ್ದು, ಸಹಜವಾದ ಅದುರಾಟಕ್ಕೇ ಟೇಲ್‌ಸ್ಟಾಕ್ ಹಿಂದೆ ಸರಿಯಿತೆಂದು ತಜ್ಞರು ಸಾಕ್ಷ್ಯ ನುಡಿದರು. 65,000 ಡಾಲರ್ ಪರಿಹಾರದ ತೀರ್ಪನ್ನು 1963ರಲ್ಲಿ ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ದೋಷವಿರುವ ವಸ್ತುವಿನಿಂದ ಗಾಯವಾದರೆ, ಖಾತರಿಪತ್ರದ ನಿಯಮಗಳು ಏನೇ ಇರಲಿ, ತಯಾರಕನೇ ಹೊಣೆಯೆಂಬ ಕಟ್ಟುನಿಟ್ಟಿನ ಹೊಣೆಗಾರಿಕೆಯ ತತ್ತ್ವವನ್ನು ನ್ಯಾಯಮೂರ್ತಿ ರೋಜರ್ ಟ್ರೇನರ್ ಆ ತೀರ್ಪಿನಲ್ಲಿ ಬರೆದರು. ಜಗತ್ತಿನ ಅನೇಕ ಕಡೆ ಇಂದಿಗೂ ಅದನ್ನು ಪಾಠವಾಗಿ ಓದಿಸುತ್ತಾರೆ. ನಮ್ಮ ದೇಶದಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಉತ್ಪನ್ನ ಹೊಣೆಗಾರಿಕೆಗಾಗಿಯೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದೆ.

ನಿಮ್ಮ ಯಂತ್ರ ಆ ತೀರ್ಪಿನ ಎಷ್ಟೋ ವರ್ಷಗಳ ನಂತರದ್ದು. ಆದರೂ ಜೋಡಣೆಯನ್ನು ಬದಲಾಯಿಸುವ ಪ್ರತಿ ಸಲವೂ ಒಂದೊಂದು ತಿರುಪನ್ನೂ ಕೈಯಿಂದ ಮುಟ್ಟಿ ನೋಡಬೇಕೆಂಬುದು ನನ್ನ ವಿನಂತಿ.

ರಾಜಾಜಿನಗರದ ಹವ್ಯಾಸಿ:

ಎಲ್ಲರಿಗೂ ಕೃತಜ್ಞತೆಗಳು. ವಕೀಲರ ಬರಹವನ್ನು ಓದಿದ ರಾತ್ರಿಯೇ ಕೆಳಗೆ ಹೋಗಿ ಟೇಲ್‌ಸ್ಟಾಕಿನ ಬಿಗಿತವನ್ನು ಪರೀಕ್ಷಿಸಿದೆ. ಒಂದು ಹಿಡಿ ಸಡಿಲವಾಗಿತ್ತು, ಬಿಗಿದೆ.

ಟರ್ನರ್ ಅವರಲ್ಲಿ ಒಂದು ಪ್ರಶ್ನೆ. ಮೋಟರಿನ ಫಲಕದ ಮೇಲೆ 115 ವೋಲ್ಟ್, 60 ಹರ್ಟ್ಸ್ ಎಂದಿದೆ. ನಮ್ಮ 230 ವೋಲ್ಟನ್ನು 110ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್ ಮೂಲಕವೇ ದೊಡ್ಡಪ್ಪ ಇದನ್ನು ಓಡಿಸುತ್ತಿದ್ದರು. ಆದರೂ ಮೋಟರು ಗುಂಯ್‌ಗುಟ್ಟುತ್ತ ಬೇಗ ಬಿಸಿಯಾಗುತ್ತದೆ. ಹತ್ತು ನಿಮಿಷ ಓಡಿಸಿ ಹದಿನೈದು ನಿಮಿಷ ಆರಲು ಬಿಡುವುದು ಅವರ ಪದ್ಧತಿಯಾಗಿತ್ತು. ಆ ಹೊತ್ತಿನಲ್ಲಿ ಅವರು ಕಾಫಿ ಕುಡಿಯುತ್ತಿದ್ದರು, ಇಲ್ಲವೇ ಉಳಿಗೆ ಸಾಣೆ ಹಿಡಿಯುತ್ತಿದ್ದರು. ಇದಕ್ಕೆ ಪರಿಹಾರವಿದೆಯೇ? ಜೊತೆಗೆ, ಇದರ ಬ್ಲೇಡಿನ ನಡುವಿನ ತೂತು ಒಂದೂಕಾಲು ಅಂಗುಲ, ಅಂದರೆ 31.75 ಮಿ.ಮೀ. ಇಲ್ಲಿ ನನಗೆ ಸಿಕ್ಕಿದ ಬ್ಲೇಡುಗಳ ತೂತು 25.4 ಅಥವಾ 30 ಮಿ.ಮೀ. ಆಗಿದೆ. ಬ್ಲೇಡಿನ ತೂತನ್ನು ಅರದಿಂದ ಹಿಗ್ಗಿಸಬಹುದೇ?

ಜಾಲಹಳ್ಳಿಯ ನಿವೃತ್ತ ಟರ್ನರ್:

ಬ್ಲೇಡಿಗೆ ಅರ ಹಾಕಲೇಬೇಡಿ. ಕೈಯಿಂದ ಹಿಗ್ಗಿಸಿದ ತೂತು ಕೂದಲೆಳೆಯಷ್ಟು ಅತ್ತಿತ್ತ ಸರಿದರೂ ಬ್ಲೇಡು ಒಂದು ಬದಿಗೆ ಎದ್ದು ಓಡುತ್ತದೆ. ಬ್ಲೇಡಿಗೆ ತಕ್ಕಂತೆ ಹೊಸ ಆರ್ಬರ್, ಅಂದರೆ ಬ್ಲೇಡನ್ನು ಸ್ಪಿಂಡಲಿನ ಮೇಲೆ ಕೂರಿಸುವ ನಡುವಿನ ತುಂಡು, ಕಡೆಸುವುದೇ ಸರಿಯಾದ ಮಾರ್ಗ.

ಮೋಟರಿನ ವಿಷಯ ಸ್ವಲ್ಪ ಉದ್ದವಾದದ್ದು. ಇಂಡಕ್ಷನ್ ಮೋಟರಿನ ವೇಗ ವಿದ್ಯುತ್ತಿನ ಆವರ್ತನಕ್ಕೆ ಅಂಟಿಕೊಂಡಿರುತ್ತದೆ. 60 ಹರ್ಟ್ಸಿನಲ್ಲಿ 3450 ಸುತ್ತು ತಿರುಗುವ ಮೋಟರು ನಮ್ಮ 50 ಹರ್ಟ್ಸಿನಲ್ಲಿ ಸುಮಾರು 2875 ಸುತ್ತು ಮಾತ್ರ ತಿರುಗುತ್ತದೆ. ಆದ್ದರಿಂದ ನಿಮ್ಮ ಡಯಲಿನಲ್ಲಿ 700ರಿಂದ 5200 ಎಂದು ಬರೆದಿದ್ದರೂ ಸ್ಪಿಂಡಲ್ ತಿರುಗುವುದು ಸುಮಾರು 580ರಿಂದ 4330ರವರೆಗೆ. ಇದರಿಂದ ಕೆಡುಕೇನಿಲ್ಲ. ಕೆಡುಕಿರುವುದು ವೋಲ್ಟೇಜಿನಲ್ಲಿ. ಆವರ್ತನ ಆರರಲ್ಲಿ ಒಂದು ಪಾಲು ಇಳಿದಾಗ ವೋಲ್ಟೇಜನ್ನೂ ಅದೇ ಪ್ರಮಾಣದಲ್ಲಿ ಇಳಿಸದಿದ್ದರೆ ಮೋಟರಿನ ಕಬ್ಬಿಣದ ತಿರುಳಿನಲ್ಲಿ ಕಾಂತಕ್ಷೇತ್ರ ಮಿತಿಮೀರುತ್ತದೆ, ಸುರುಳಿಯು ಹೆಚ್ಚು ಕರೆಂಟು ಎಳೆದುಕೊಂಡು ಬಿಸಿಯಾಗುತ್ತದೆ. 115ನ್ನು ಆರರಿಂದ ಭಾಗಿಸಿ ಐದರಿಂದ ಗುಣಿಸಿ: 96 ವೋಲ್ಟಿನ ಸುತ್ತಮುತ್ತ ಬರುತ್ತದೆ. 95 ವೋಲ್ಟಿನ ಟ್ಯಾಪ್ ಇರುವ ಟ್ರಾನ್ಸ್‌ಫಾರ್ಮರನ್ನು ವೈಂಡಿಂಗ್ ಅಂಗಡಿಯಲ್ಲಿ ಸುತ್ತಿಸಿಕೊಳ್ಳಿ. ಶಕ್ತಿ ಸ್ವಲ್ಪ ಕಡಿಮೆಯಾಗುತ್ತದೆ, ಗುಂಯ್ ಎನ್ನುವ ಸದ್ದು ಬಹಳ ಮಟ್ಟಿಗೆ ಅಡಗುತ್ತದೆ. ದೊಡ್ಡಪ್ಪನವರು ಆರಲು ಬಿಡುತ್ತಿದ್ದುದರಿಂದಲೇ ಮೋಟರು ಇಷ್ಟು ವರ್ಷ ಬಾಳಿದೆ.

ಒಂದು ಎಚ್ಚರಿಕೆ: ವೇಗದ ಡಯಲನ್ನು ಯಂತ್ರ ಓಡುತ್ತಿರುವಾಗ ಮಾತ್ರ ತಿರುಗಿಸಬೇಕು. ಒಳಗಿನ ಪುಲ್ಲಿಗಳು ಹತ್ತಿರ ಬಂದು ದೂರ ಸರಿಯುವುದರಿಂದ ವೇಗ ಬದಲಾಗುತ್ತದೆ. ನಿಂತಿರುವಾಗ ತಿರುಗಿಸಿದರೆ ಬೆಲ್ಟು ಸಿಕ್ಕಿಕೊಂಡು ಭಾಗಗಳು ಮುರಿಯುತ್ತವೆ.

ಚನ್ನಪಟ್ಟಣ ಮೂಲದವನು:

ವೇಗದ ಡಯಲಿನ ಬಗ್ಗೆ ಒಂದು ಮಾತು. ನಮ್ಮೂರಿನ ಬೊಂಬೆ ಕೆಲಸದಲ್ಲಿ ಆಲೆಮರದ ತುಂಡು ಲೇತಿನಲ್ಲಿ ತಿರುಗುತ್ತಿರುವಾಗಲೇ ಅರಗಿನ ಕಡ್ಡಿಯನ್ನು ಒತ್ತುತ್ತಾರೆ, ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ, ಆಮೇಲೆ ಕೇದಗೆಯ ಗರಿಯಿಂದ ಹೊಳಪು ಕೊಡುತ್ತಾರೆ. ವೇಗ ಕಡಿಮೆಯಾದರೆ ಅರಗು ಗಂಟುಗಂಟಾಗುತ್ತದೆ, ಹೆಚ್ಚಾದರೆ ಸುಟ್ಟು ಬಣ್ಣ ಕಪ್ಪಾಗುತ್ತದೆ. ವೇಗವನ್ನು ಓಡುತ್ತಿರುವಾಗಲೇ ಬೇಕಾದಷ್ಟು ಏರಿಸಿ ಇಳಿಸಬಲ್ಲ ಯಂತ್ರ ನಿಮ್ಮ ಬಳಿಯಿರುವಾಗ ಒಮ್ಮೆಯಾದರೂ ಅರಗಿನ ಕೆಲಸ ಮಾಡಿ ನೋಡಿ. ಯಲಹಂಕದ ಅಕ್ಕನವರಿಗೂ ಇದೇ ಮಾತು. ಬುಗುರಿಗೆ ಅರಗಿನ ಬಣ್ಣದಷ್ಟು ಒಪ್ಪುವುದು ಬೇರೊಂದಿಲ್ಲ.

ಕಾಮಾಕ್ಷಿಪಾಳ್ಯದ ಬಡಗಿ:

ಹಿಂದಿನ ಭಾನುವಾರ ನಾನೂ ಟರ್ನರ್ ಹಿರಿಯರೂ ರಾಜಾಜಿನಗರಕ್ಕೆ ಹೋಗಿ ಯಂತ್ರವನ್ನು ನೋಡಿಬಂದೆವು. ನೋಡಿದ ಮೇಲೆ ನನ್ನ ಮಾತಿನಲ್ಲಿ ಒಂದು ಭಾಗವನ್ನು ತಿದ್ದಿಕೊಳ್ಳಬೇಕಾಗಿದೆ. ಮಂಚದ ಪಟ್ಟಿಯ ತುದಿಗೆ ಗೂಟದ ತೂತು ಹೊಡೆಯುವುದು ನಮ್ಮ ಅಂಗಡಿಯಲ್ಲಿ ಇಂದಿಗೂ ಕಷ್ಟದ ಕೆಲಸ. ಆರು ಅಡಿಯ ಪಟ್ಟಿಯನ್ನು ನೆಟ್ಟಗೆ ನಿಲ್ಲಿಸಿ ಡ್ರಿಲ್ಲಿನ ಕೆಳಗೆ ಹಿಡಿಯಲಾಗುವುದಿಲ್ಲ, ಕೈಡ್ರಿಲ್ಲಿನಲ್ಲಿ ಹೊಡೆದರೆ ತೂತು ಓರೆಯಾಗುತ್ತದೆ. ಇದರಲ್ಲಿ ಪಟ್ಟಿಯನ್ನು ಮೇಜಿನ ಮೇಲೆ ಮಲಗಿಸಿ, ಹಿಡಿಯನ್ನು ತಿರುಗಿಸಿ ಸ್ಪಿಂಡಲನ್ನೇ ಮರದೊಳಕ್ಕೆ ನುಗ್ಗಿಸುತ್ತಾರೆ. ನಾಲ್ಕು ಪಟ್ಟಿಗೆ ಎಂಟು ತೂತು ಹೊಡೆದು ಗೂಟ ಹಾಕಿ ನೋಡಿದೆವು, ಮೂಲೆಮಟ್ಟ ಇಟ್ಟರೆ ಬೆಳಕು ತೂರಲಿಲ್ಲ.

ಸೀಳುವ ವಿಷಯದಲ್ಲಿ ನನ್ನ ಮಾತು ಹಾಗೆಯೇ ಇದೆ. ಬ್ಲೇಡಿನ ಹಿಂದೆ ನಿಂತು, ಸೀಳಿದ ಮರ ಮತ್ತೆ ಕೂಡಿಕೊಂಡು ಬ್ಲೇಡನ್ನು ಹಿಡಿಯದಂತೆ ತಡೆಯುವ ಪಟ್ಟಿ ಅವರ ಬಳಿ ಇಲ್ಲ, ಎಲ್ಲೋ ಕಳೆದುಹೋಗಿದೆ. ಅದಿಲ್ಲದೆ ತೇಗ ಸೀಳಿದರೆ ಮರ ಎದೆಗೆ ಎಗರುತ್ತದೆ.

ರಾಜಾಜಿನಗರದ ಹವ್ಯಾಸಿ:

ಇಬ್ಬರೂ ಬಿಡುವು ಮಾಡಿಕೊಂಡು ಬಂದದ್ದು ನಮ್ಮ ಮನೆಯವರೆಲ್ಲರಿಗೂ ಬಹಳ ಸಂತೋಷ ತಂದಿತು. ಆ ಎಂಟು ತೂತುಗಳನ್ನು ನೋಡಿದ ಮೇಲೆ ತಮ್ಮ ಗುಜರಿಯ ಮಾತನ್ನು ಮತ್ತೆ ಎತ್ತಿಲ್ಲ.

ಹೀಗೆ ತೀರ್ಮಾನಿಸಿದ್ದೇನೆ. ಕಳೆದುಹೋದ ಪಟ್ಟಿ ಸಿಗುವವರೆಗೆ ಗರಗಸದ ಕೆಲಸವನ್ನು ಇದರಲ್ಲಿ ಮಾಡುವುದಿಲ್ಲ. ದೊಡ್ಡ ಹಾಳೆಗಳನ್ನು ಬಡಗಿಯವರ ಅಂಗಡಿಯಲ್ಲಿಯೇ ಸೀಳಿಸುತ್ತೇನೆ. ಲೇತ್, ಎರಡು ಬಗೆಯ ಕೊರೆತ, ಉಜ್ಜುವ ತಟ್ಟೆ, ಈ ನಾಲ್ಕು ಕೆಲಸಗಳಿಗೆ ಯಂತ್ರ ಉಳಿಯುತ್ತದೆ. ಹೊಸ ಕಟ್ಟಡದ ನಕ್ಷೆಯಲ್ಲಿ ಮೆಟ್ಟಿಲಿನ ಕೆಳಗೆ ಎಂಟು ಅಡಿ ಉದ್ದ, ಐದು ಅಡಿ ಅಗಲದ ಜಾಗವನ್ನು ಕೇಳಿ ಪಡೆದಿದ್ದೇನೆ. ಯಂತ್ರವನ್ನು ನೆಟ್ಟಗೆ ನಿಲ್ಲಿಸಿದಾಗ ತಲೆ ತಾಗದಂತೆ ಎಂಜಿನಿಯರ್ ಮೆಟ್ಟಿಲಿನ ತಿರುವನ್ನು ಸ್ವಲ್ಪ ಸರಿಸಿಕೊಟ್ಟಿದ್ದಾರೆ, 15 ಆಂಪಿಯರ್ ಸಾಕೆಟ್ಟಿಗೂ ಗುರುತು ಹಾಕಿಸಿದ್ದೇನೆ. ಮನೆ ಮುಗಿಯುವವರೆಗೆ, ಹೆಚ್ಚು ಕಡಿಮೆ ಒಂದು ವರ್ಷ, ಅದನ್ನು ಅಕ್ಕನ ಮನೆಯ ಗ್ಯಾರೇಜಿನಲ್ಲಿ ಇಡುವುದೆಂದಾಗಿದೆ. ಕೊಳವೆಗಳಿಗೆ ತುಕ್ಕು ಹಿಡಿಯದಂತೆ ಏನು ಹಚ್ಚಬೇಕು, ಮತ್ತು ಆರ್ಬರ್ ಕಡೆಸಲು ಯಾವಾಗ ಬರಲಿ ಎಂಬುದನ್ನು ಟರ್ನರ್ ಅವರು ತಿಳಿಸಬೇಕು. ಪಟ್ಟಿ ಸಿಕ್ಕಿದ ದಿನಕ್ಕೆ ಆರ್ಬರ್ ಸಿದ್ಧವಿರಲಿ ಎಂಬ ಆಸೆ.

ಜಾಲಹಳ್ಳಿಯ ನಿವೃತ್ತ ಟರ್ನರ್:

ಕೊಳವೆಗಳಿಗೆ ಪೇಸ್ಟ್ ವ್ಯಾಕ್ಸ್ ತೆಳುವಾಗಿ ಹಚ್ಚಿ ಒಣಬಟ್ಟೆಯಿಂದ ಉಜ್ಜಿ. ಗ್ರೀಸ್ ಹಚ್ಚಿದರೆ ಮರದ ಪುಡಿ ಅಂಟಿ ಹೆಡ್‌ಸ್ಟಾಕ್ ಜಾರುವುದಿಲ್ಲ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಹೊದಿಕೆ ತೆಗೆದು ನೋಡಿ, ಐದು ನಿಮಿಷ ಓಡಿಸಿ. ಆರ್ಬರಿಗೆ ಗುರುವಾರ ಹತ್ತು ಗಂಟೆಗೆ ಪೀಣ್ಯ ಎರಡನೇ ಹಂತದಲ್ಲಿರುವ ನನ್ನ ಶಿಷ್ಯನ ಷೆಡ್ಡಿಗೆ ಹೋಗೋಣ. ಹಳೆಯ ಆರ್ಬರನ್ನು ಮಾದರಿಗೆ ತನ್ನಿ, ಹೊಸ ಬ್ಲೇಡನ್ನೂ ತನ್ನಿ. ಸ್ಪಿಂಡಲ್ ಐದು–ಎಂಟನೇ ಅಂಗುಲದ್ದು, ಅಂದರೆ 15.875 ಮಿ.ಮೀ.; ಅದನ್ನು 16 ಎಂದು ಹೇಳಿ ಕಡೆಸಿದರೆ ಆರ್ಬರ್ ಅಲುಗಾಡುತ್ತದೆ. ಆದ್ದರಿಂದ ಅಳತೆಯನ್ನು ಫೋನಿನಲ್ಲಿ ಹೇಳುವುದು ಬೇಡ, ನನ್ನ ಮೈಕ್ರೋಮೀಟರನ್ನು ನಾನೇ ತರುತ್ತೇನೆ.